ವಿಟಿ-ಡಿ ಕೇಳಿದರೆ ವಿಟಿ-ಎಕ್ಸ್ ತೋರಿಸುತ್ತಾರೆ, ಹುಷಾರು

ನಿನ್ನೆ ರಾತ್ರಿ ಒಬ್ಬರ ವಾಟ್ಸಾಪ್ ಸ್ಟೇಟಸ್ ನೋಡಿದೆ. "ವರ್ಚುವಲೈಸೇಶನ್ ರೆಡಿ ಪಿಸಿ. ಐ7 ಕೆ ಸೀರೀಸ್. ಲಿನಕ್ಸ್ ಒಳಗೇ ವಿಂಡೋಸ್ ಓಡಿಸಿ. ಎರಡೇ ಪೀಸ್ ಬಾಕಿ." ಮೈ ಉರಿದು ಹೋಯಿತು. ಯಾಕೆಂದರೆ ಮೂರನೇ ಪೀಸ್ ನನ್ನ ಮೇಜಿನ ಕೆಳಗೆ ಉಂಟು.

ಅಂಗಡಿಯ ಹೆಸರು ಹಾಕುವುದಿಲ್ಲ. ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮಾರುವವರು ತುಂಬ ಜನ ಇದ್ದಾರೆ, ಒಳ್ಳೆಯವರೂ ಇದ್ದಾರೆ. ಹೆಸರು ಕೇಳಿ ಮೆಸೇಜ್ ಮಾಡಬೇಡಿ. ವಿಷಯ ಮಾತ್ರ ಓದಿ.

ಉಡುಪಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಮಳೆ ಬಿಟ್ಟ ಮೇಲೆ ಯಕ್ಷಗಾನ. ರಾತ್ರಿಯಿಡೀ ಆಟ, ಮೂರು ಕ್ಯಾಮರಾ, ಬೆಳಿಗ್ಗೆ ಫೈಲುಗಳ ರಾಶಿ. ನನ್ನ ಕೆಲಸವೆಲ್ಲ ಲಿನಕ್ಸ್‌ನಲ್ಲಿ. ಎಡಿಟಿಂಗ್ ಸಾಫ್ಟ್‌ವೇರ್ ಒಂದಕ್ಕೆ ಮಾತ್ರ ವಿಂಡೋಸ್ ಬೇಕು. ಅದಕ್ಕೋಸ್ಕರ ದಿನಕ್ಕೆ ನಾಲ್ಕು ಸಲ ರಿಸ್ಟಾರ್ಟ್ ಮಾಡಿ ಮಾಡಿ ಸಾಕಾಗಿತ್ತು. ಲಿನಕ್ಸ್ ಒಳಗೆ ಕೆವಿಎಂನಲ್ಲಿ, ಅಂದರೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರಿನಲ್ಲಿ (ವರ್ಚುವಲ್ ಮೆಷಿನ್), ವಿಂಡೋಸ್ ಕೂರಿಸಿ, ಗ್ರಾಫಿಕ್ಸ್ ಕಾರ್ಡನ್ನು ನೇರ ಅದರ ಕೈಗೇ ಕೊಟ್ಟುಬಿಡುವುದು, ಪಾಸ್‌ಥ್ರೂ ಅಂತಾರಲ್ಲ, ಅದು ನನ್ನ ಪ್ಲಾನ್. ಅದಕ್ಕೆ ಇಂಟೆಲ್ ಪ್ರೊಸೆಸರ್‌ನಲ್ಲಿ ವಿಟಿ-ಡಿ ಅನ್ನುವ ಸೌಲಭ್ಯ ಬೇಕು. ವಿಟಿ-ಎಕ್ಸ್ ಬೇರೆ, ಅದು ವರ್ಚುವಲ್ ಮೆಷಿನ್ ಓಡಿಸುವುದಕ್ಕೆ. ಲಿನಕ್ಸ್‌ಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಸಾಕು, ಕಾರ್ಡ್ ಪೂರ್ತಿ ವಿಂಡೋಸ್‌ಗೆ.

ಆಟದ ಸೀಸನ್ ಮುಗಿಯುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನಗೂ ಸ್ವಲ್ಪ ಬಿಡುವು, ಸ್ವಲ್ಪ ದುಡ್ಡು. ಈ ಅಂಗಡಿಯವರಿಗೆ ಮೆಸೇಜ್ ಹಾಕಿದೆ. ಈಗಲೂ ಫೋನಿನಲ್ಲಿ ಇದೆ, ದಿನಕ್ಕೆ ಎರಡು ಸಲ ತೆಗೆದು ಓದುತ್ತೇನೆ: "ವಿಟಿ-ಡಿ ಇರಲೇಬೇಕು. ವಿಟಿ-ಎಕ್ಸ್ ಮಾತ್ರ ಇದ್ದರೆ ಆಗುವುದಿಲ್ಲ." ಉತ್ತರ: "ಎಲ್ಲಾ ಉಂಟು ಸರ್, ಬನ್ನಿ." ಜೊತೆಗೊಂದು ಹೆಬ್ಬೆರಳು.

ಹೋದೆ. ಜೋರು ಮಳೆ. ಅಂಗಡಿಯಲ್ಲಿ ಮೆಷಿನ್ ರೆಡಿ ಇಟ್ಟಿದ್ದರು. ಇಂಟೆಲ್ ಐ7-4770ಕೆ ಪ್ರೊಸೆಸರ್, 16 ಜಿಬಿ ರ‍್ಯಾಮ್, ಎನ್ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಬಯೋಸ್, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ, ತೆರೆದು ತೋರಿಸಿದರು, "ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ: ಎನೇಬಲ್ಡ್". ಆಮೇಲೆ ಉಬುಂಟು ಲಿನಕ್ಸ್ ಆನ್ ಮಾಡಿ, ಅದರೊಳಗೆ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ತೆರೆದು, ಪರದೆ ತುಂಬ ದೊಡ್ಡದು ಮಾಡಿ, ಒಂದು ವಿಡಿಯೋ ಓಡಿಸಿದರು. "ನೋಡಿ ಸರ್, ಬೆಣ್ಣೆ ಹಾಗೆ ಹೋಗ್ತದೆ."

ಹೌದು, ಹೋಗುತ್ತಿತ್ತು. ಹೋಗದೇ ಇನ್ನೇನು? ಆ ವಿಡಿಯೋಗೆ ಕಾರ್ಡೇ ಬೇಡ! ಆಗ ನಾನು ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಅನ್ನುವ ಸಾಲು ಒಂದನ್ನು ನೋಡಿದ್ದರೆ ಸಾಕಿತ್ತು. ಅಲ್ಲಿ ಎನ್ವಿಡಿಯಾ ಹೆಸರು ಇರುತ್ತಿರಲಿಲ್ಲ, ವರ್ಚುವಲ್‌ಬಾಕ್ಸ್ ಗ್ರಾಫಿಕ್ಸ್ ಅಡಾಪ್ಟರ್ ಅಂತ ಇರುತ್ತಿತ್ತು. ಹತ್ತು ಸೆಕೆಂಡಿನ ಕೆಲಸ. ನೋಡಲಿಲ್ಲ. ಊರಿನವರ ಕಂಪ್ಯೂಟರ್ ಎಲ್ಲ ನೋಡಿಕೊಡುವವನು ನಾನು, ನಾನೇ ನೋಡಲಿಲ್ಲ. ಐದೂವರೆಯ ಎಕ್ಸ್‌ಪ್ರೆಸ್ ಬಸ್ ಹಿಡಿಯುವ ಗಡಿಬಿಡಿ.

ಇನ್ನೂ ನಾಚಿಕೆಯ ವಿಷಯ ಹೇಳುತ್ತೇನೆ. ಅದರ ಪಕ್ಕದಲ್ಲೇ ಕೆ ಇಲ್ಲದ 4770 ಮೆಷಿನ್ ಇತ್ತು, 1,500 ರೂಪಾಯಿ ಕಡಿಮೆಗೆ. "ಅದು ಬೇಡ ಸರ್, ನಿಮ್ಮ ಕೆಲಸಕ್ಕೆ ಕೆ ಬೇಕು, ಕೆ ಅಂದ್ರೆ ಓವರ್‌ಕ್ಲಾಕ್ ಆಗ್ತದೆ" ಅಂದರು. ಜಾಸ್ತಿ ದುಡ್ಡು ಕೊಟ್ಟು ಕೆ ತೆಗೆದುಕೊಂಡೆ. 24,000 ರೂಪಾಯಿ, ಕ್ಯಾಶ್. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಉಡುಪಿವರೆಗೆ ಕ್ಯಾಬಿನೆಟ್ಟಿಗೆ ಎರಡು ಪ್ಲಾಸ್ಟಿಕ್ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ.

ರಾತ್ರಿ ಊಟ ಮಾಡಿ ಕೂತೆ. ಲಿನಕ್ಸ್‌ನ ಬೂಟ್ ಸಾಲಿಗೆ ಇಂಟೆಲ್ ಐಒಎಂಎಂಯು ಆನ್ ಅಂತ ಸೇರಿಸಿದೆ, ವಿಟಿ-ಡಿಯನ್ನು ಎಬ್ಬಿಸುವ ಮಾತು ಅದು. ರಿಸ್ಟಾರ್ಟ್. ಐಒಎಂಎಂಯು ಗ್ರೂಪ್ಸ್ ಫೋಲ್ಡರ್ ತೆರೆದೆ. ವಿಟಿ-ಡಿ ಇದ್ದರೆ ಅಲ್ಲಿ ಡಿವೈಸ್‌ಗಳ ಗುಂಪುಗಳು ಕಾಣಬೇಕು. ಖಾಲಿ. ತಪ್ಪು ಟೈಪ್ ಮಾಡಿದೆನೋ ಅಂತ ಮತ್ತೆ ನೋಡಿದೆ. ಖಾಲಿ. ಬಯೋಸ್‌ಗೆ ಹೋಗಿ ಮೂಲೆ ಮೂಲೆ ಹುಡುಕಿದೆ, ವಿಟಿ-ಡಿ ಅನ್ನುವ ಸಾಲೇ ಇಲ್ಲ. ಆದರೂ ಮನಸ್ಸು ಕೇಳಬೇಕಲ್ಲ. ವರ್ಚುವಲ್ ಮೆಷಿನ್ ನೋಡಿಕೊಳ್ಳುವ ವರ್ಟ್ ಮ್ಯಾನೇಜರ್‌ನಲ್ಲಿ ಕಾರ್ಡ್ ಸೇರಿಸಿ ಸ್ಟಾರ್ಟ್ ಒತ್ತಿದೆ. ಪಿಸಿಐ ಡಿವೈಸ್ ಪಾಸ್‌ಥ್ರೂ ಈ ಹೋಸ್ಟ್‌ನಲ್ಲಿ ಆಗುವುದಿಲ್ಲ ಅಂತ ಕೆಂಪು ಗುರುತಿನ ಜೊತೆ ಉತ್ತರ ಬಂತು.

ಆಮೇಲೆ ಇಂಟೆಲ್‌ನವರದ್ದೇ ಪುಟ ತೆರೆದೆ. 4770ಕೆ: ವಿಟಿ-ಎಕ್ಸ್ ಇದೆ, ವಿಟಿ-ಡಿ ಇಲ್ಲ. 4770: ಎರಡೂ ಇದೆ. ಅಂದರೆ ನಾನು 1,500 ಜಾಸ್ತಿ ಕೊಟ್ಟು ನನಗೆ ಬೇಕಾದ ಒಂದೇ ಒಂದು ಸೌಲಭ್ಯ ತೆಗೆಸಿಕೊಂಡು ಬಂದಿದ್ದೆ. 2600ಕೆ, 3770ಕೆ ಎರಡರದ್ದೂ ಇದೇ ಕಥೆ. ಆಮೇಲೆ ಬಂದ 4790ಕೆಯಲ್ಲಿ ಕೊಟ್ಟಿದ್ದಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ವಿಟಿ-ಎಕ್ಸ್ ಇದ್ದರೆ ವರ್ಚುವಲ್ ಮೆಷಿನ್ ಓಡುತ್ತದೆ, ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರನ್ನು ಕೇಳದೆ ತಾನೇ ಮೆಮೊರಿಗೆ ಬರೆಯುವ ಜಾತಿ. ಒಳಗಿನ ವಿಂಡೋಸ್ ಕೊಡುವ ಮೆಮೊರಿ ವಿಳಾಸ ಅದರ ಲೆಕ್ಕದ್ದು, ನಿಜವಾದ ಜಾಗ ಬೇರೆ. ಆ ವಿಳಾಸ ತಿದ್ದಿ ಸರಿಯಾದ ಜಾಗಕ್ಕೆ ಕಳಿಸುವುದು, ಬೇರೆಯವರ ಜಾಗಕ್ಕೆ ನುಗ್ಗದ ಹಾಗೆ ತಡೆಯುವುದು ಐಒಎಂಎಂಯು. ಇಂಟೆಲ್‌ನಲ್ಲಿ ಅದರ ಹೆಸರೇ ವಿಟಿ-ಡಿ. ಅದು ಚಿಪ್ಪಿನಲ್ಲಿ ಇಲ್ಲದಿದ್ದರೆ ಯಾವ ಬಗೆಯ ಲಿನಕ್ಸ್ ಹಾಕಿದರೂ ಇಲ್ಲ.

ಈಗ ಅವರ ಉತ್ತರಗಳು. ಬೆಳಿಗ್ಗೆ ಫೋನ್ ಮಾಡಿದೆ. "ಎನೇಬಲ್ಡ್ ಅಂತ ನಿಮ್ಮ ಎದುರೇ ತೋರಿಸಿದ್ದಲ್ವಾ ಸರ್?" ಅದು ವಿಟಿ-ಎಕ್ಸ್ ಅಂದೆ. "ಎರಡೂ ಒಂದೇ ಸರ್." ಒಂದೇ ಅಲ್ಲ ಅಂತ ಇಂಟೆಲ್ ಪುಟದ ಫೋಟೋ ಕಳಿಸಿದೆ. ಅವರು ತಿರುಗಿ ಎಲ್‌ಎಸ್‌ಸಿಪಿಯು, ಅಂದರೆ ಪ್ರೊಸೆಸರ್ ವಿವರ ತೋರಿಸುವ ಲಿನಕ್ಸ್ ಕಮಾಂಡ್, ಅದರ ಫೋಟೋ ಕಳಿಸಿದರು. ಅದರಲ್ಲಿ ದೊಡ್ಡದಾಗಿ "ವರ್ಚುವಲೈಸೇಶನ್: ವಿಟಿ-ಎಕ್ಸ್". ಆ ಸಾಲು ವಿಟಿ-ಡಿ ಬಗ್ಗೆ ಏನೂ ಹೇಳುವುದೇ ಇಲ್ಲ ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಮಾರನೇ ದಿನ ಹೊಸ ರಾಗ: "ಅದು ಎನ್ವಿಡಿಯಾದವರು ಬ್ಲಾಕ್ ಮಾಡಿದ್ದು ಸರ್, ಕೋಡ್ 43." ಎಂಥ ಕೋಡ್ 43 ಮಾರಾಯ್ರೆ! ಅದು ಕಾರ್ಡ್ ವಿಂಡೋಸ್ ಒಳಗೆ ಹೋದ ಮೇಲೆ ಎನ್ವಿಡಿಯಾ ಡ್ರೈವರ್‌ನಿಂದ ಬರುತ್ತಿದ್ದ ತೊಂದರೆ. ಅದನ್ನೂ ಎನ್ವಿಡಿಯಾದವರೇ 2021ರಲ್ಲಿ 465ನೇ ಡ್ರೈವರ್‌ನಿಂದ ಬಿಟ್ಟುಕೊಟ್ಟಿದ್ದಾರೆ. ನನ್ನ ಕಾರ್ಡ್ ಬಾಗಿಲವರೆಗೂ ಹೋಗಿರಲಿಲ್ಲ.

ಕೊನೆಗೆ ಅಂದದ್ದು: "ಗೇಮ್ ಓಡ್ತದಾ ಸರ್? ಓಡ್ತದಲ್ಲ. ಮತ್ತೆಂತ?" ಪಕ್ಕದಲ್ಲಿದ್ದ 4770 ಜೊತೆ ಬದಲು ಮಾಡಿಕೊಡಿ ಅಂತ ಕೇಳಿದೆ. ಅದು ಹೋಯಿತಂತೆ. ವಾಪಸ್ ತೆಗೆದುಕೊಳ್ಳುವುದಾದರೆ 15,000 ಕೊಡುತ್ತಾರಂತೆ. ನಾಲ್ಕು ದಿನಕ್ಕೆ ಒಂಬತ್ತು ಸಾವಿರ! ಆಮೇಲೆ ನೀಲಿ ಟಿಕ್ ಮಾತ್ರ.

ಭಾವನಿಗೆ ಹೇಳಿದೆ, ಹೇಳಬಾರದಿತ್ತು. "ನೀವು ಮೊನ್ನೆ ನನಗೆ ಮಿಕ್ಸಿ ತೆಗೆದುಕೊಳ್ಳುವಾಗ ವಾರಂಟಿ ಕಾರ್ಡ್ ಓದು ಅಂದಿದ್ರಿ ಅಲ್ವಾ?" ಅಂತ ನಗಾಡಿದ. ಈಗ ಮನೆಗೆ ಬಂದಾಗಲೆಲ್ಲ "ಡಿ ಬಂತಾ ಭಾವ?" ಅಂತಲೇ ಶುರು.

ಕಡೆಗೆ ಮಣಿಪಾಲದ ಒಬ್ಬ ಹುಡುಗನ ಹತ್ತಿರ ಬರೀ 4770 ಚಿಪ್ ಸಿಕ್ಕಿತು, 3,200ಕ್ಕೆ. ಹಾಕಿದೆ. ಬಯೋಸ್‌ನಲ್ಲಿ ವಿಟಿ-ಡಿ ಸಾಲು ತಾನಾಗಿ ಬಂತು. ಗ್ರೂಪ್ ಒಂದರಲ್ಲಿ ಪಿಸಿಐ ರೂಟ್ ಪೋರ್ಟ್, ಕಾರ್ಡ್, ಕಾರ್ಡಿನ ಆಡಿಯೋ, ಬೇರೆ ಏನೂ ಇಲ್ಲ. ಕಾರ್ಡ್ ಮತ್ತು ಆಡಿಯೋ ಎರಡನ್ನೂ ವಿಎಫ್‌ಐಒಗೆ, ಅಂದರೆ ಅವನ್ನು ವರ್ಚುವಲ್ ಮೆಷಿನ್‌ಗೆ ದಾಟಿಸುವ ಲಿನಕ್ಸ್ ಡ್ರೈವರ್‌ಗೆ, ಕೊಟ್ಟೆ. ಅರ್ಧ ಗಂಟೆಯಲ್ಲಿ ವಿಂಡೋಸ್ ಒಳಗೆ ಜಿಟಿಎಕ್ಸ್ 1060 ಹೆಸರು ಕಂಡಿತು. ಅಂದರೆ ಬೋರ್ಡ್ ಸರಿ, ಕಾರ್ಡ್ ಸರಿ, ನಾನು ಮಾಡಿದ್ದೂ ಸರಿ. ಆ ಒಂದು ಕೆ.

ತೆಗೆದುಕೊಳ್ಳುವವರು ಪೆನ್‌ಡ್ರೈವ್‌ನಲ್ಲಿ ಲೈವ್ ಲಿನಕ್ಸ್, ಅಂದರೆ ಇನ್‌ಸ್ಟಾಲ್ ಮಾಡದೇ ಓಡುವಂಥದ್ದು, ಒಯ್ಯಿರಿ. ಇಂಟೆಲ್ ಆದರೆ ಐಒಎಂಎಂಯು ಆನ್ ಸಾಲು ಸೇರಿಸಿ ಬೂಟ್ ಮಾಡಿ, ಅಂಗಡಿಯಲ್ಲೇ ಗ್ರೂಪ್ಸ್ ಫೋಲ್ಡರ್ ನೋಡಿ. ಖಾಲಿ ಇದ್ದರೆ ಮೊದಲು ಬಯೋಸ್‌ನಲ್ಲಿ ವಿಟಿ-ಡಿ ಆಫ್ ಇದೆಯಾ ನೋಡಿ. ಆ ಸಾಲೇ ಇಲ್ಲವಾ, ಎದ್ದು ಬನ್ನಿ. ಬಸ್ಸು ತಪ್ಪಿದರೆ ತಪ್ಪಲಿ, ಇನ್ನೊಂದು ಬರುತ್ತದೆ. ಚಿಪ್ಪಿನ ಪೂರ್ತಿ ಹೆಸರು, ಕೊನೆಯ ಅಕ್ಷರದ ಸಮೇತ, ಇಂಟೆಲ್ ಪುಟದಲ್ಲಿ ನೋಡಿ. ಬಿಲ್ಲಿನಲ್ಲಿ "ವಿಟಿ-ಡಿ ಇದೆ" ಅಂತ ಬರೆಸಿ. ನನ್ನ ಬಿಲ್ಲಿನಲ್ಲಿ ಬರೆದದ್ದು "ಕಂಪ್ಯೂಟರ್ 1".

ಆ 4770ಕೆ ಈಗ ಡ್ರಾಯರ್‌ನಲ್ಲಿದೆ. ಪಾಸ್‌ಥ್ರೂ ಬೇಡದವರಿಗೆ ಒಳ್ಳೆಯ ಚಿಪ್ಪೇ, ಗೇಮ್ ಓಡುತ್ತದೆ. ಯಾರಿಗಾದರೂ ಬೇಕಾದರೆ 2,000ಕ್ಕೆ ಕೊಡುತ್ತೇನೆ. ಬಿಲ್ಲಿನಲ್ಲಿ "ವಿಟಿ-ಡಿ ಇಲ್ಲ" ಅಂತ ನಾನೇ ಬರೆದು ಕೊಡುತ್ತೇನೆ.