ಬಣ್ಣಕ್ಕೆ ಮುಂಚಿನ ಕೆಲಸ: ವಸಂತನರಸಾಪುರದ ಒಂದು ಬ್ಲಾಸ್ಟಿಂಗ್ ಸೇವೆ

ನಮ್ಮ ಕೊಬ್ಬರಿ ಎಣ್ಣೆ ಗಿರಣಿಯ ತುಕ್ಕು ಹಿಡಿದ ಎರಡು ಉಕ್ಕಿನ ಟ್ಯಾಂಕುಗಳ ಹೊರಮೈಯನ್ನು ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಬ್ಲಾಸ್ಟಿಂಗ್ (ಒತ್ತಡದ ಗಾಳಿಯಿಂದ ಗಟ್ಟಿ ಕಣಗಳನ್ನು ಹೊಡೆದು ಮೈ ಶುಚಿಮಾಡುವುದು) ಮಾಡಿಸಿದೆವು. ಹಿಂದೆ ತಂತಿ ಬ್ರಷ್ಷಿನಿಂದ ಉಜ್ಜಿ ಬಳಿಸಿದ್ದ ಬಣ್ಣ ಒಂದೇ ಮಳೆಗಾಲಕ್ಕೆ ಪದರಪದರವಾಗಿ ಎದ್ದು ಬಂದಿತ್ತು.

ಇಲ್ಲಿ ಸುಮಾರು 7 ಬಾರ್ ಒತ್ತಡದ ಗಾಳಿಯೊಡನೆ ಉಕ್ಕಿನ ಗ್ರಿಟ್ (ಚೂಪಾದ ಸಣ್ಣ ಹರಳುಗಳು) ನಾಜಲ್‌ನಿಂದ ಚಿಮ್ಮಿ, ತುಕ್ಕನ್ನೂ ಹಳೆಯ ಬಣ್ಣವನ್ನೂ ಕಿತ್ತುಹಾಕುವುದರ ಜೊತೆಗೆ ಲೋಹದ ಮೈಯನ್ನು ಸಣ್ಣಗೆ ತರಿತರಿಯಾಗಿಸುತ್ತದೆ. ಬಣ್ಣದ ಮೊದಲ ಪದರವಾದ ಪ್ರೈಮರ್ ಗಟ್ಟಿಯಾಗಿ ಕಚ್ಚಿಕೊಳ್ಳುವುದು ಈ ತರಿಯನ್ನೇ. ಉಕ್ಕಿನ ಮೈಯ ಶುಚಿತ್ವದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8501-1ರ ಎಸ್‌ಎ 2½ ಮಟ್ಟದ, ಅಂದರೆ ಅಲ್ಲಲ್ಲಿ ಮಸುಕು ಕಲೆ ಬಿಟ್ಟರೆ ತುಕ್ಕು, ಹಳೆಯ ಬಣ್ಣ ಉಳಿಯದ ಶುಚಿತ್ವ ಕೇಳಿದ್ದೆವು. ಅವರು ಮಾನದಂಡದ ಚಿತ್ರಗಳನ್ನು ಪಕ್ಕದಲ್ಲಿಟ್ಟು ತೋರಿಸಿದರು, ತರಿಯ ಆಳವನ್ನೂ ಅಳೆದು 60 ಮೈಕ್ರಾನ್ ಎಂದು ಬರೆದುಕೊಟ್ಟರು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು, ಅವರು ಗ್ರಿಟ್‌ಗೆ ಬದಲಾಗಿ ಮರಳನ್ನು ಮುಟ್ಟದಿರುವುದು. ಮರಳಿನ ಸಿಲಿಕಾ ಧೂಳು ಶ್ವಾಸಕೋಶವನ್ನು ಗುಣವಾಗದಂತೆ ಹಾಳುಮಾಡುತ್ತದೆ. ದರ ಕಡಿಮೆಯೆಂದು ಅದನ್ನು ಬಳಸುವವರಿಗೆ ಕೆಲಸ ಕೊಡಲೇಬಾರದು. ಇಲ್ಲಿನ ಕೆಲಸಗಾರರು ಶುದ್ಧಗಾಳಿಯ ಕೊಳವೆಯಿರುವ ಹೆಲ್ಮೆಟ್ ಧರಿಸಿದ್ದರು.

ಒಂದೇ ಕೊರತೆಯೆಂದರೆ, ಎರಡನೆಯ ಟ್ಯಾಂಕಿಗೆ ಪ್ರೈಮರ್ ಹಚ್ಚುವುದು ಮರುದಿನಕ್ಕೆ ಉಳಿಯಿತು. ಬರಿಮೈಯ ಉಕ್ಕು ತೇವದಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕೇರುವುದರಿಂದ, ನಾವು ಪಟ್ಟುಹಿಡಿದು ಅದನ್ನು ಇನ್ನೊಮ್ಮೆ ಬ್ಲಾಸ್ಟ್ ಮಾಡಿಸಿದೆವು. ಹೆಚ್ಚುವರಿ ಹಣ ಕೇಳಲಿಲ್ಲ.