ಸೇವಂತಿಗೆ ಅಳಿಸಿದ್ದೋ, ಇಲ್ಲವೇ ಇಲ್ಲದ್ದೋ? ಜಪಾನಿನ ಎರಡು ಶಾಲಾ ಕೋವಿಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಪಾನಿನ ಸೇನೆಯ ಕೆಲಸ ಮುಗಿಸಿ ಶಾಲಾ ಹುಡುಗರ ಕವಾಯತಿಗೆ ಹೋದ ಟೈಪ್ 38 ಎಂಬ ಕೋವಿಗೆ. ಶಾಲೆಗೆಂದೇ ಹುಟ್ಟಿದ ತರಬೇತಿ ಕೋವಿಯೂ ನನ್ನ ಹತ್ತಿರ ಇದೆ. ಅದನ್ನು ಬಯಸಿ ಕೊಂಡಿದ್ದಲ್ಲ, ಟೋಪಿ ಹಾಕಿಸಿಕೊಂಡು ತಂದದ್ದು.

ನಾನು ಕೊಡಗಿನವ, ಈಗ ಇರುವುದು ಅಮೆರಿಕದ ಒಹಾಯೊದಲ್ಲಿ. 1945ರಲ್ಲಿ ಜಪಾನ್ ಶರಣಾದ ಮೇಲೆ ಇಲ್ಲಿನ ಸೈನಿಕರು ನೆನಪಿಗೆಂದು ಹೊತ್ತು ತಂದ ಕೋವಿಗಳನ್ನು ಈಗ ಅವರ ಮಕ್ಕಳು, ಮೊಮ್ಮಕ್ಕಳು ಮಾರುತ್ತಿದ್ದಾರೆ. ಅಜ್ಜನ ಜೋಡು ನಳಿಗೆಯ ಕೋವಿಗೆ ಎಣ್ಣೆ ಹಾಕುತ್ತಾ ಬೆಳೆದವ ನಾನು, ನನಗೆ ಯಾರೇನು ಹೇಳಿಕೊಡುವುದು ಅನ್ನುವ ಜಂಬ ಬೇರೆ ಇತ್ತು. ಒಂದು ಗನ್ ಶೋದಲ್ಲಿ, ಅಂದರೆ ಕೋವಿ ಸಂತೆಯಲ್ಲಿ, ಮಾರುವವನು "ಟೈಪ್ 38, ಸೇವಂತಿಗೆ ಉಜ್ಜಿ ಹಾಕಿದ್ದಾರೆ ಅಷ್ಟೆ" ಅಂದ. 425 ಡಾಲರ್ ಎಣಿಸಿ ಕೊಟ್ಟೆ.

ಈ ಸೇವಂತಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜಪಾನಿನ ಸೇನೆಯ ಕೋವಿಯಲ್ಲಿ ತೋಟಾ ಕೂರುವ ಜಾಗದ ನೆತ್ತಿಯ ಮೇಲೆ ಹದಿನಾರು ಎಸಳಿನ ಸೇವಂತಿಗೆ ಇರುತ್ತದೆ. ಅದು ಚಕ್ರವರ್ತಿಯ ಗುರುತು. ಶರಣಾದಾಗ ಕೋವಿ ಒಪ್ಪಿಸುವ ಮೊದಲು ಬಹಳಷ್ಟರ ಮೇಲಿನ ಹೂವನ್ನು ಉಜ್ಜಿ ತೆಗೆದರು. ಅದಕ್ಕೇ ಹೂವು ಉಳಿದ ಕೋವಿಗೆ ರೇಟು ಹೆಚ್ಚು, ಉಜ್ಜಿದ್ದಕ್ಕೆ ಕಡಿಮೆ. ಇಷ್ಟು ನನಗೂ ಗೊತ್ತಿತ್ತು. ಹೂವು ಇಲ್ಲ ಅಂದ ಮಾತ್ರಕ್ಕೆ ಯಾರೋ ಉಜ್ಜಿದ್ದಾರೆ ಅಂತ ಅರ್ಥವಲ್ಲ ಅನ್ನುವುದು ಗೊತ್ತಿರಲಿಲ್ಲ.

ಮನೆಗೆ ತಂದ ರಾತ್ರಿ ನಳಿಗೆ ತೊಳೆಯಲು ಕೂತೆ. ಒಳಗೆ ಸುರುಳಿ ಗೀರು, ಅಂದರೆ ರೈಫ್ಲಿಂಗ್ ಇದ್ದರೆ ಬಟ್ಟೆ ಸುತ್ತಿದ ರಾಡ್ ತಳ್ಳುವಾಗ ಅದರ ಹಿಡಿ ಕೈಯಲ್ಲಿ ತಾನಾಗಿ ತಿರುಗುತ್ತದೆ. ಇದರಲ್ಲಿ ತಿರುಗಲಿಲ್ಲ. ಮುದ್ದೆ ಗಂಟಲಿಗಿಳಿದ ಹಾಗೆ ಸಲೀಸಾಗಿ ಹೋಯಿತು. ಎಂಬತ್ತು ವರ್ಷದ ಕೊಳೆ, ಗೀರು ಮುಚ್ಚಿಹೋಗಿರಬೇಕು ಅಂದುಕೊಂಡು ಇನ್ನೊಂದು ಬಟ್ಟೆ ಹಾಕಿದೆ, ಮತ್ತೊಂದು ಹಾಕಿದೆ. ಹನ್ನೊಂದನೇ ಬಟ್ಟೆ ಬಿಳಿಯಾಗಿಯೇ ಹೊರಗೆ ಬಂತು. ಟಾರ್ಚ್ ಹಿಡಿದು ನೋಡಿದರೆ ನೀರಿನ ಪೈಪಿನಷ್ಟು ನುಣ್ಣಗೆ.

ಆಮೇಲೆ ಒಂದೊಂದೇ ಕಂಡಿತು. ನೆತ್ತಿಯ ಮೇಲೆ ಉಜ್ಜಿದ ಗುರುತು ಎಲ್ಲೂ ಇಲ್ಲ. ಉಜ್ಜಿದ್ದರೆ ಅರದ ಗೀರೋ ಚಪ್ಪಟೆಯಾದ ಜಾಗವೋ ಕಾಣಬೇಕಿತ್ತು. ಇಲ್ಲಿ ಲೋಹದ ಮೈ ದೋಸೆ ಕಾವಲಿಯ ಬೆನ್ನಿನ ಹಾಗೆ ಒರಟಾಗಿ, ಎಲ್ಲಾ ಕಡೆ ಒಂದೇ ಸಮ. ಎರಕದ ಕಬ್ಬಿಣ. ಬೋಲ್ಟಿನ, ಅಂದರೆ ತೋಟಾ ಒಳಗೆ ನೂಕಿ ಮುಚ್ಚುವ ಸರಳಿನ, ಹಿಂದೆ ಮರದ ಮೇಲೆ ಚಾಚಿಕೊಳ್ಳುವ ಬಾಲದಂಥ ಪಟ್ಟಿ ನಿಜವಾದ ಟೈಪ್ 38ರಲ್ಲಿ ಬೇರೆಯೇ ತುಂಡು, ಸೇರುವಲ್ಲಿ ಉಗುರಿಗೆ ಸಿಗುವಂಥ ಗೆರೆ ಇರುತ್ತದೆ. ನನ್ನದರಲ್ಲಿ ಉಗುರು ಎಲ್ಲೂ ತಡೆಯಲಿಲ್ಲ. ರಿಸೀವರ್, ಅಂದರೆ ಬೋಲ್ಟ್ ಕೂರುವ ಲೋಹದ ಗೂಡು, ಮತ್ತು ಬಾಲ ಎರಡೂ ಒಂದೇ ಎರಕ. ತರಬೇತಿ ಕೋವಿಯನ್ನು ಪತ್ತೆಹಚ್ಚಲು ಹೆಚ್ಚಿನವರು ಮೊದಲು ನೋಡುವುದೇ ಇದನ್ನಂತೆ. ಗನ್ ಶೋದಲ್ಲಿ ಬೋಲ್ಟ್ ಬಿಚ್ಚದೆಯೇ, ಹತ್ತು ಸೆಕೆಂಡಿನಲ್ಲಿ ನೋಡಬಹುದಿತ್ತು. ಹಿಂಬದಿಯ ಮರವೂ ಒಂದೇ ತುಂಡು. ಅಸಲಿಯಲ್ಲಿ ಎರಡು ತುಂಡು ಬೆಸೆದಿರುತ್ತಾರೆ, ಉದ್ದಕ್ಕೂ ಜೋಡಣೆಯ ಗೆರೆ ಕಾಣುತ್ತದೆ. ಅದನ್ನು ಮರ ಬಿರುಕು ಬಿಟ್ಟಿದೆ ಅಂದುಕೊಂಡು ಬಿಟ್ಟು ಹೋಗುವವರೂ ಇದ್ದಾರೆ, ಪಾಪ.

ದುಡ್ಡು ಹೋದದ್ದು ದೊಡ್ಡದಲ್ಲ. ಮರುದಿನ ತೋಟಾ ಹಾಕಿ ಹೊಡೆಯಬೇಕೆಂದಿದ್ದೆ, ಮೈ ನಡುಗಿದ್ದು ಅದಕ್ಕೆ. ಟೈಪ್ 38 ಸೇರಿದ ಜಪಾನಿನ ಅರಿಸಾಕ ಕೋವಿಗಳ ಬಳಗಕ್ಕೆ ಗಟ್ಟಿತನದ ಹೆಸರಿದೆ. ಯುದ್ಧವಾದ ಮೇಲೆ ಪಿ.ಒ. ಆಕ್ಲಿ ಎಂಬ ಅಮೆರಿಕದ ಕೋವಿ ತಜ್ಞ ಬೇಕೆಂದೇ ಮದ್ದು ಹೆಚ್ಚಿಸುತ್ತಾ ಹೋಗಿ ಬೇರೆ ಬೇರೆ ಸೇನೆಗಳ ಕೋವಿಗಳನ್ನು ಒಡೆದು ನೋಡಿದಾಗ ಕೊನೆತನಕ ತಡೆದದ್ದು ಇದೇ. ಆ ಹೆಸರು ನಂಬಿಕೊಂಡು ಅದೇ ಆಕಾರದ ತರಬೇತಿ ಕೋವಿಗೆ ನಿಜವಾದ ತೋಟಾ ಹಾಕಿದರೆ ಕಥೆ ಮುಗಿಯಿತು. ಅದು ಮರದ ಅಥವಾ ಕಾಗದದ ಗುಂಡಿನ ಹುಸಿ ತೋಟಾಕ್ಕೆ ಮಾಡಿದ್ದು. ಸದ್ದು, ಹೊಗೆ ಅಷ್ಟೆ. 1925ರಿಂದ ಜಪಾನಿನ ಶಾಲೆಗಳಿಗೆ ಸೇವೆಯಲ್ಲಿದ್ದ ಸೇನಾಧಿಕಾರಿಗಳನ್ನೇ ಕಳಿಸಿ ಹುಡುಗರಿಗೆ ಕವಾಯತು ಮಾಡಿಸಿದರು. ಅಷ್ಟು ಹುಡುಗರಿಗೆ ಕೋವಿ ಬೇಕಲ್ಲ, ಸಣ್ಣ ಸಣ್ಣ ಕಾರ್ಖಾನೆಗಳು ತಮಗೆ ತೋಚಿದ ಹಾಗೆ ಎರಕ ಹೊಯ್ದವು. ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. ಬಿಡಿಭಾಗ ಒಂದರದ್ದು ಇನ್ನೊಂದಕ್ಕೆ ಕೂರುತ್ತದೆಂಬ ಆಸೆ ಬೇಡ.

ಮುಂದಿನ ವರ್ಷ ಇನ್ನೊಬ್ಬ ವ್ಯಾಪಾರಿಯ ಮೇಜಿನ ಮೇಲೆ ಎರಡನೆಯದು ಸಿಕ್ಕಿತು, ನಿಜವಾದ ಟೈಪ್ 38. ಇದರ ಮೇಲೆ ಸೇವಂತಿಗೆ ಇತ್ತು, ಆದರೆ ಅಂಚಿನ ಸುತ್ತ ಪುಟ್ಟ ಪುಟ್ಟ ವೃತ್ತಗಳನ್ನು ಒತ್ತಿದ್ದರು. ಅಜ್ಜಿಯ ಹಚ್ಚೆಯ ಚುಕ್ಕಿಗಳ ಹಾಗೆ. ವ್ಯಾಪಾರಿ ಅದನ್ನು "ಹಾಳಾದ ಹೂವು" ಅಂದು ಬೆಲೆ ಇಳಿಸಿದ್ದ. ನಾನು ಬಾಯಿ ಮುಚ್ಚಿಕೊಂಡೆ. ಅದು 1945ರ ಅರ ಅಲ್ಲ. ಸೇನೆಯೇ ಕೋವಿಯನ್ನು ತನ್ನ ಲೆಕ್ಕದಿಂದ ತೆಗೆದು ಶಾಲೆಯಂಥ ಹೊರಗಿನ ಕಡೆಗೆ ಕೊಟ್ಟಾಗ ಒತ್ತಿದ ರದ್ದು ಮುದ್ರೆ. ನಂಬರಿನ ಮುಂದೆ ಒಂದರೊಳಗೊಂದು ಎರಡು ವೃತ್ತ ಕಂಡರೂ ಅದೇ ಮಾತು. ಕೆಲವದರ ಮೇಲೆ ವಿದ್ಯೆಗೆ ಸಂಬಂಧಪಟ್ಟ ಜಪಾನಿ ಅಕ್ಷರವೂ ಇರುತ್ತದೆ, ಅದನ್ನು 'ಬುನ್' ಅಂತ ಓದುತ್ತಾರೆ. ನನ್ನದರ ಮೇಲೆ ಇಲ್ಲ. ನಾಲ್ಕು ಗುಂಡು ಪೇರಿಸಿದಂಥ ಕಾರ್ಖಾನೆ ಗುರುತು ಇದೆ. ಟೋಕಿಯೋದ ಕೋಯಿಶಿಕಾವಾ ಶಸ್ತ್ರಾಗಾರದ ಗುರುತದು. 1923ರ ಭೂಕಂಪದಲ್ಲಿ ಪೆಟ್ಟು ತಿಂದು ಆ ಕೆಲಸ ಮುಂದೆ ಕೋಕುರಾ ಊರಿಗೆ ಹೋಯಿತು. ಗುರುತು ಮಾತ್ರ ಅದೇ ಉಳಿಯಿತು.

340 ಡಾಲರ್ ಕೊಟ್ಟೆ. ರಾಡ್ ಗಿರ್ರನೆ ತಿರುಗಿತು. ಬೋಲ್ಟಿನ ಹಿಂದಿನ ಗುಂಡಿಯನ್ನು ಅಂಗೈಯಲ್ಲಿ ಒತ್ತಿ ತಿರುಗಿಸಿದರೆ ಸೇಫ್ಟಿ ಕಟಕ್ಕೆಂದು ಕೂರುತ್ತದೆ. ಆ ಸದ್ದಿಗೇ ನೂರು ಡಾಲರ್ ಕೊಡಬಹುದು. ಹಾಗಂತ ಸೀದಾ ಹೊಡೆಯಲಿಲ್ಲ, ಕೋವಿ ರಿಪೇರಿಯವನ ಹತ್ತಿರ ತಪಾಸಣೆ ಮಾಡಿಸಿಯೇ ಹೊಡೆದದ್ದು. 6.5 ಜಪಾನಿ ತೋಟಾ ದುಬಾರಿ, ವರ್ಷಕ್ಕೆ ಒಂದು ಡಬ್ಬಿ ಸಾಕು ನನಗೆ.

ಮರದ ತರಬೇತಿ ಕೋವಿ, ಅಂದರೆ ಮೊಕುಜು, ಇದೆಯಲ್ಲ ಅಂತ ಕೇಳಬಹುದು. ಬಯೊನೆಟ್ ಕಲಿಯಲು ಚೆನ್ನಾಗಿದೆ. 166 ಸೆಂಟಿಮೀಟರ್ ಉದ್ದ, ನನ್ನ ಅಪಾರ್ಟ್‌ಮೆಂಟಿನ ಯಾವ ಮೂಲೆಗೂ ಹಿಡಿಸಲಿಲ್ಲ. ಮಾರಿದೆ.

ನಿಮಗೆ ಹೊಡೆಯುವ ಉದ್ದೇಶವೇ ಇಲ್ಲ, ಗೋಡೆಗೆ ತೂಗುಹಾಕಲು, ಶಾಲಾ ಹುಡುಗರ ಕಥೆ ಹೇಳಲು ಬೇಕು ಅಂದರೆ ಎರಕದ್ದೇ ತೆಗೆದುಕೊಳ್ಳಿ. ಆದರೆ ಅದರ ರೇಟಿಗೆ. ನನ್ನದಕ್ಕೆ ಆಮೇಲೆ ಒಬ್ಬ ಕೇಳಿದ್ದು 150, ನಾನಾದರೂ ಅಷ್ಟೇ ಕೊಡುತ್ತಿದ್ದೆ. ನನಗೆ ಮಾತ್ರ ನಮ್ಮ ಕೊಡಗಿನ ಆಯುಧ ಪೂಜೆಯಾದ ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆಗಿಡುವ ಕೋವಿ ಈಡು ಹೊಡೆಯುವಂಥದ್ದೇ ಆಗಬೇಕು. ಆ ದಿನ ಕೋವಿಗೆ ಇಡುವ ತೋಕ್ ಪೂ, ಅಂದರೆ ಕೋವಿ ಹೂವು, ಇಲ್ಲಿ ಎಲ್ಲಿ ಸಿಗುತ್ತದೆ! ಸೆಪ್ಟೆಂಬರ್ ಬಂದರೆ ಅಂಗಡಿ ಮುಂದೆಲ್ಲಾ ಸೇವಂತಿಗೆ ಕುಂಡಗಳು, ಅದನ್ನೇ ಇಡುತ್ತೇನೆ.

ಎರಕದ್ದನ್ನು ಮಾರಿಲ್ಲ. ಆ 150ರವನು ಚೌಕಾಸಿ ಮುಗಿಸಿ, ಕೊನೆಗೆ "ಇದಕ್ಕೆ ಯಾವ ತೋಟಾ ಹಿಡಿಸುತ್ತೆ?" ಅಂತ ಕೇಳಿದ. ಕೋವಿ ವಾಪಸ್ ಚೀಲಕ್ಕೆ ಹಾಕಿಕೊಂಡು ಬಂದೆ. ಈಗ ಅದರ ಟ್ರಿಗರಿಗೆ ಕೆಂಪು ಚೀಟಿ ಕಟ್ಟಿದ್ದೇನೆ: ತುಂಬಬೇಡಿ, ನಳಿಗೆ ನುಣುಪು.