ಡಬ್ಲ್ಯುಎಸ್‌ಎಲ್ ಸಾಕಾ, ಉಬುಂಟುವೇ ಬೇಕಾ?

ಕೋಡಿಂಗ್ ಕಲಿಯೋಕೆ ವಿಂಡೋಸ್ ಬಿಟ್ಟು ಉಬುಂಟುಗೆ (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್) ಹೋಗಬೇಕಾ, ಇಲ್ಲಾ ಡಬ್ಲ್ಯುಎಸ್‌ಎಲ್ ಸಾಕಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಮೈಕ್ರೋಸಾಫ್ಟ್‌ಗೂ ತಲೆನೋವಾಗಿತ್ತು. ವೆಬ್ ಡೆವಲಪರ್‌ಗಳು ಒಳ್ಳೆಯ ಟರ್ಮಿನಲ್‌ಗಾಗಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮ್ಯಾಕ್, ಲಿನಕ್ಸ್ ಕಡೆ ವಾಲುತ್ತಿದ್ದರು. ಲಿನಕ್ಸ್ ಟೂಲ್‌ಗಳನ್ನು ವಿಂಡೋಸ್ ಒಳಗೇ ಕೊಟ್ಟರೆ ಅವರು ಇಲ್ಲೇ ಉಳಿಯುತ್ತಾರೆ ಅಲ್ವಾ? 2016ರಲ್ಲಿ ಡಬ್ಲ್ಯುಎಸ್‌ಎಲ್, ಅಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ, ಬಂದಿದ್ದು ಹಾಗೆ. ನನಗಂತೂ ಅದು ಜಾಣ ಹೆಜ್ಜೆ ಅನಿಸುತ್ತದೆ.

ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಶುರು ಮಾಡೋಕೆ ಡಬ್ಲ್ಯುಎಸ್‌ಎಲ್ ಸುಲಭ: ಒಂದು ಕಮಾಂಡ್, ಒಂದು ರೀಸ್ಟಾರ್ಟ್. ಉಬುಂಟು ನೇರವಾಗಿ ಹಾಕೋದಾದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್‌ನಲ್ಲಿ ಜಾಗ ಬಿಡಿಸಬೇಕು. ಬ್ಯಾಕಪ್ ತೆಗೆಯದೆ ಕೈ ಹಾಕಬೇಡಿ.

ನಿಜವಾದ ವ್ಯತ್ಯಾಸ ವೇಗದಲ್ಲಿದೆ. ಡಬ್ಲ್ಯುಎಸ್‌ಎಲ್ 2 ಓಡೋದು ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್‌ನಲ್ಲಿ. 4 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್, ಬ್ರೌಸರ್, ವಿಎಸ್ ಕೋಡ್ (ಕೋಡ್ ಬರೆಯುವ ಎಡಿಟರ್) ಜೊತೆಗೆ ಇದೂ ಕೂತರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಪ್ರಾಜೆಕ್ಟ್ ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್ ಕಡೆಯಿಂದ ಎನ್‌ಪಿಎಂ ಇನ್‌ಸ್ಟಾಲ್ (ಪ್ರಾಜೆಕ್ಟ್‌ಗೆ ಬೇಕಾದ ಕೋಡ್ ಪ್ಯಾಕೇಜ್‌ಗಳನ್ನು ಇಳಿಸುವ ಕಮಾಂಡ್) ಕೊಟ್ಟು ನೋಡಿ. ಸಾವಿರಾರು ಚಿಕ್ಕ ಫೈಲ್‌ಗಳು, ಸುಮ್ನೆ ಕಾಯಬೇಕು. ಅದೇ ಫೋಲ್ಡರ್ ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲಿದ್ದರೆ ಕೆಲಸ ಸರಾಗ. ಉಬುಂಟುವಿನಲ್ಲಿ ಈ ತಾಪತ್ರಯವೇ ಇಲ್ಲ.

16 ಜಿಬಿ ಲ್ಯಾಪ್‌ಟಾಪ್, ಕಾಲೇಜಿಗೆ ಎಕ್ಸೆಲ್ ಬೇಕು, ಆಗಾಗ ಗೇಮ್ ಕೂಡ ಆಡುತ್ತೀರಾ? ಡಬ್ಲ್ಯುಎಸ್‌ಎಲ್ ಹಾಕಿ. ಸರ್ವರ್ ಕೆಲಸಕ್ಕೆ ಸೇರುವ ಆಸೆಯಿದ್ದರೆ ಉಬುಂಟುವನ್ನೇ ದಿನವೂ ಬಳಸಿ, ಕೈ ಬೇಗ ಪಳಗುತ್ತದೆ. ವಿಂಡೋಸ್ 11 ಒಪ್ಪದ ಹಳೇ ಲ್ಯಾಪ್‌ಟಾಪ್ ಆದರೂ ಲಿನಕ್ಸೇ ಸರಿ, ಯಾಕಂದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ. ರ‍್ಯಾಮ್ ತೀರಾ ಕಡಿಮೆಯಿದ್ದರೆ ಉಬುಂಟುವಿನದೇ ಇನ್ನೊಂದು ರೂಪವಾದ ಲುಬುಂಟು ಹಗುರ.